ಬೀಡಿ ಕಟ್ಟುವ ಹಲಸಿನ ಮರ

ನಮ್ಮ ಗೇಟಿನ ಪಕ್ಕದ ಹಲಸಿನ ಮರ ಸತ್ತದ್ದು ಊರಿಗೆಲ್ಲ ಗೊತ್ತಾದ ಮೇಲೆ ನನಗೆ ಗೊತ್ತಾಯಿತು. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು ನಾನು. ಮಕ್ಕಳ ಪುಸ್ತಕದಲ್ಲಿ ಒಂದು ಒತ್ತಕ್ಷರ ತಪ್ಪಿದರೆ ಕ್ಲಾಸಿನ ಇನ್ನೊಂದು ತುದಿಯಿಂದಲೇ ಕಾಣುತ್ತಿತ್ತು. ಆದರೆ ದಿನಕ್ಕೆ ನಾಲ್ಕು ಸಲ ಓಡಾಡುವ ದಾರಿಯಲ್ಲಿ ಅಷ್ಟು ದೊಡ್ಡ ಮರ ಎಲೆಯೆಲ್ಲ ಉದುರಿಸಿಕೊಂಡು ನಿಂತದ್ದು ಕಾಣಲಿಲ್ಲ. ಅಕ್ಕನನ್ನು ಕೇಳಿದರೆ, ಮರ ಸತ್ತು ಆಗಲೇ ಒಂದು ಮಳೆಗಾಲ ಕಳೆದಿದೆ, ನೀನು ಪೇಪರ್ ಓದಿ ಮುಗಿಸು ಎಂದಳು.

ಬಂಟ್ವಾಳದಿಂದ ಮೂಡಬಿದಿರೆಗೆ ಹೋಗುವ ರಸ್ತೆಯ ಅಂಚಿನಲ್ಲಿ ನಮ್ಮ ಮನೆ. ಮನೆಯಲ್ಲಿ ಇರುವುದು ನಾವಿಬ್ಬರೇ. ಅಕ್ಕ ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು, ಮನೆಯ ಯಜಮಾನಿ. ನಾನು ಪೆನ್ಶನ್ ತೆಗೆದುಕೊಳ್ಳುವ ಪ್ರಜೆ. ರಸ್ತೆ ಅಗಲ ಮಾಡುವಾಗ ಚರಂಡಿಗೆಂದು ಮರದ ಒಂದು ಬದಿಯ ಬೇರನ್ನು ಪೂರಾ ಕಡಿದುಹಾಕಿದ್ದರು. ಮೊದಲ ವರ್ಷ ಆ ಬದಿಯ ಕೊಂಬೆ ಒಣಗಿತು, ಮರುವರ್ಷ ಉಳಿದದ್ದೂ ಒಣಗಿತು. ಕಾಯಿ ಬಿಡುವುದು ನಿಂತ ಮೇಲೆ ಅದನ್ನು ನೋಡಲು ಬರುತ್ತಿದ್ದ ನೆಂಟರೂ ನಿಂತರು.

ಆದರೆ ಅಕ್ಕ ಆ ಮರದ ಬುಡ ಬಿಡಲಿಲ್ಲ. ಮಧ್ಯಾಹ್ನದ ಊಟವಾದ ಕೂಡಲೇ ಚಾಪೆ, ಬೀಡಿ ಎಲೆ, ಹೊಗೆಸೊಪ್ಪಿನ ಪುಡಿ, ನೂಲಿನ ಉಂಡೆ, ಕತ್ತರಿ, ಇಷ್ಟನ್ನೂ ತಡ್ಪೆಗೆ ಹಾಕಿಕೊಂಡು ಅಲ್ಲಿಗೆ ಹೋಗುತ್ತಾಳೆ. ತಡ್ಪೆಯೆಂದರೆ ಅಕ್ಕಿ ಕೇರುವ ಮೊರವೇ. ನಮ್ಮ ಕಡೆ ಅರ್ಧಕ್ಕರ್ಧ ಮೊರಗಳು ಅಕ್ಕಿ ಕಂಡದ್ದಕ್ಕಿಂತ ಬೀಡಿ ಕಂಡದ್ದೇ ಹೆಚ್ಚು. ಅಕ್ಕ ಅಲ್ಲಿ ಕೂತು ಬೀಡಿ ಕಟ್ಟಲು ಶುರುಮಾಡಿ ಐವತ್ತು ವರ್ಷ ಆಗಿರಬೇಕು. ಮೊದಲೆಲ್ಲ ಆಚೀಚೆ ಮನೆಯ ಏಳೆಂಟು ಹೆಂಗಸರು ತಮ್ಮ ತಮ್ಮ ತಡ್ಪೆ ಹಿಡಿದುಕೊಂಡು ಬಂದು ಸುತ್ತ ಕೂರುತ್ತಿದ್ದರು. ಒಬ್ಬಳಿಗೆ ಬೆನ್ನುನೋವು ಬಂತು, ಒಬ್ಬಳು ಮಗಳ ಜೊತೆ ಫರಂಗಿಪೇಟೆಗೆ ಹೋದಳು, ಇನ್ನೊಬ್ಬಳಿಗೆ ಹೊಗೆಸೊಪ್ಪು ಆಗದೆ ಡಾಕ್ಟರು ನಿಲ್ಲಿಸಿದರು. ಈಗ ಎದುರು ಮನೆಯ ಇಬ್ಬರು ಉಳಿದಿದ್ದಾರೆ, ಅವರೂ ವಾರಕ್ಕೆ ಮೂರು ದಿನ ಬಂದರೆ ಹೆಚ್ಚು.

ಹೀಗಿರುವಾಗ ಒಂದು ದಿನ ಲೈನ್‌ಮ್ಯಾನ್ ಬಂದು ಮರವನ್ನೂ ಮೇಲಿನ ತಂತಿಯನ್ನೂ ನೋಡಿ ತಲೆಯಾಡಿಸಿದ. ವಾರ ಕಳೆದು ಪಂಚಾಯತಿನ ಸದಸ್ಯರೊಬ್ಬರು ಬಂದರು. ಒಳ್ಳೆಯ ಜನ, ಹತ್ತನೆಯ ತರಗತಿಯಲ್ಲಿ ನನ್ನ ಕೈಯಿಂದ ಪೆಟ್ಟು ತಿಂದವರು. ಹಾಗಾಗಿ ಅಂಗಳದಲ್ಲೇ ನಿಂತು, ಸತ್ತ ಮರ ರಸ್ತೆಗೆ ಬಿದ್ದರೆ ಕಷ್ಟ, ಮಳೆಗಾಲದೊಳಗೆ ತೆಗೆಸಿದರೆ ಒಳ್ಳೆಯದಿತ್ತು ಟೀಚರ್ ಎಂದು ನೆಲ ನೋಡಿಕೊಂಡು ಹೇಳಿ ಹೋದರು.

ಅಕ್ಕ ಆ ರಾತ್ರಿ ಗಂಜಿ ಮಾತ್ರ ಉಂಡಳು. ಮರುದಿನ ಕಾಫಿ ಕೊಡುವಾಗ ಕೇಳಿದಳು:

“ಮರ ಹೋದರೆ ನಾನೆಲ್ಲಿ ಕೂತುಕೊಳ್ಳುವುದು?”

ನಾನು ಬಹಳ ಬುದ್ಧಿವಂತಿಕೆಯ ಉತ್ತರವನ್ನೇ ಕೊಟ್ಟೆ. ಜಗಲಿ ಉಂಟು, ಜಗಲಿಯಲ್ಲಿ ಫ್ಯಾನು ಉಂಟು, ಬೆನ್ನಿಗೆ ಒರಗಲು ಕುರ್ಚಿ ಉಂಟು, ಎಪ್ಪತ್ತೆರಡು ವರ್ಷಕ್ಕೆ ನೆಲದ ಮೇಲೆ ಯಾರು ಕೂರುತ್ತಾರೆ ಎಂದೆ. ಅಕ್ಕ ಲೋಟ ತೆಗೆದುಕೊಂಡು ಒಳಗೆ ಹೋಗುತ್ತಾ, “ಜಗಲಿಯಲ್ಲಿ ಕೂತರೆ ನನ್ನ ಹತ್ತಿರ ಯಾರು ಬರ್ತಾರೆ?” ಎಂದಳು. ನಾವು ಮನೆಯಲ್ಲಿ ಮಾತಾಡುವುದೆಲ್ಲ ತುಳುವಿನಲ್ಲೇ, ಇಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ತುಳುವಿನಲ್ಲಿ ಆ ಮಾತು ಇನ್ನೂ ಸಣ್ಣದಾಗಿತ್ತು, ಇನ್ನೂ ನೇರವಾಗಿತ್ತು.

ಆಗ ನನ್ನ ತಲೆಗೆ ಹುಳ ಹೊಕ್ಕಿತು. ಆ ಜಾಗ ಉಳಿಸಿಕೊಡಬೇಕು, ಏನಾದರೂ ಮಾಡಿ ಉಳಿಸಬೇಕು ಎಂದು ಹಟ ಹಿಡಿದೆ. ಅದಕ್ಕೆ ಕಾರಣವೂ ಇತ್ತು. ನಾನು ಓದಿದ್ದು ಅಕ್ಕನ ಬೀಡಿಯಿಂದ. ಇದು ಗುಟ್ಟೇನಲ್ಲ. ಬೀಳ್ಕೊಡುಗೆ ಇರಲಿ, ಶಿಕ್ಷಕರ ದಿನಾಚರಣೆ ಇರಲಿ, ಮೈಕು ಸಿಕ್ಕಲ್ಲೆಲ್ಲ ನಾನು ಇದನ್ನು ಹೇಳಿದ್ದೇನೆ. ಹಲಸಿನ ಮರದ ಕೆಳಗೆ ಬಗ್ಗಿದ ತಲೆ, ನೂಲು ಸುತ್ತುವ ಬೆರಳು, ಆ ಬೆರಳುಗಳೇ ನನ್ನ ಕೈಗೆ ಸೀಮೆಸುಣ್ಣ ಕೊಟ್ಟವು ಎಂದು ಹೇಳಿ ಒಂದು ಕ್ಷಣ ನಿಲ್ಲಿಸುತ್ತಿದ್ದೆ. ಮುಂದಿನ ಸಾಲಿನವರು ಕಣ್ಣೊರೆಸುತ್ತಿದ್ದರು. ಅಕ್ಕ ಅಂಥ ಸಭೆಗೆ ಬಂದದ್ದು ಒಮ್ಮೆ ಮಾತ್ರ, ನಾನು ನಿವೃತ್ತಳಾದ ದಿನ. ವಾಪಸು ಬರುವಾಗ ಬಸ್ಸಿನಲ್ಲಿ, ಸೀರೆ ಚೆನ್ನಾಗಿತ್ತು ಎಂದಷ್ಟೇ ಹೇಳಿದಳು. ಪಾಪ, ಮಾತೇ ಹೊರಡುತ್ತಿಲ್ಲ ಎಂದು ನಾನು ತಿಳಿದುಕೊಂಡೆ.

ಎಲ್ಲಿಯದೋ ಪಾರ್ಕಿನಲ್ಲಿ ನಿಂತಲ್ಲೇ ಸತ್ತ ಮರವನ್ನು ಕಡಿಯದೆ, ಬುಡ ಹಾಗೇ ಬಿಟ್ಟು, ಶಿಲ್ಪ ಮಾಡಿದ ಚಿತ್ರವೊಂದು ನನ್ನ ಮೊಬೈಲಿಗೆ ಬಂದಿತ್ತು. ಪಂಚಾಯತ್ ಸದಸ್ಯರಿಗೆ ಅದನ್ನು ತೋರಿಸಿದೆ. ಮೇಲಿನ ಕೊಂಬೆಯೆಲ್ಲ ತೆಗೆದು ಹತ್ತಡಿ ಕಾಂಡ ಮಾತ್ರ ಉಳಿಸಿದರೆ ತಂತಿಗೂ ತೊಂದರೆಯಿಲ್ಲ, ರಸ್ತೆಗೂ ತೊಂದರೆಯಿಲ್ಲ ಅಲ್ಲವೇ ಎಂದೆ. ಪ್ರಶ್ನೆಯ ಕೊನೆಯಲ್ಲಿ ನನ್ನ ಹಳೆಯ ಕ್ಲಾಸಿನ ದನಿ ತಾನಾಗಿ ಬಂತು. ಅವರು ಒಪ್ಪಿದರು.

ಬೆಳ್ತಂಗಡಿಯ ಕಡೆಯಿಂದ ಒಬ್ಬರು ಆಚಾರ್ರು ಸಿಕ್ಕಿದರು. ಅರುವತ್ತರ ಹತ್ತಿರದ ವಯಸ್ಸು, ತಲೆಮಾರುಗಳಿಂದ ದೈವಗಳ ಮರದ ಮೂರ್ತಿ ಕೆತ್ತುವ ಮನೆತನ. ಗೋಣಿಚೀಲದಲ್ಲಿ ಉಳಿಗಳನ್ನು ಸುತ್ತಿಕೊಂಡು ಬಸ್ಸಿಳಿದು ಬಂದರು. ಅಕ್ಕನ ಹತ್ತಿರ ತುಳು ಮಾತಾಡುತ್ತಿದ್ದವರು ನನ್ನ ಕಡೆ ತಿರುಗಿದ ಕೂಡಲೇ ಕನ್ನಡಕ್ಕೆ ಬದಲಾಗುತ್ತಿದ್ದರು, ಅದೂ ರೇಡಿಯೋದ ವಾರ್ತೆಯಂಥ ಕನ್ನಡ. ಟೀಚರ್ ಎಂದರೆ ನಮ್ಮಲ್ಲಿ ಹಾಗೆ. ಮರಕ್ಕೆ ಕೊಡತಿಯಿಂದ ಬಡಿದು, ಕಿವಿಯಿಟ್ಟು, ಸುತ್ತ ಒಂದು ಸುತ್ತು ಬಂದು, ಹೊರಗಿನ ಬಿಳಿಯ ಭಾಗವನ್ನು ಹುಳ ತಿಂದಿದೆ, ಒಳಗಿನ ಚೇಗು ಗಟ್ಟಿಯಾಗಿದೆ ಎಂದರು. ಮತ್ತೆ, ಏನು ಕೆತ್ತಬೇಕು ಎಂದು ಕೇಳಿದರು.

ಕೆತ್ತುವುದಕ್ಕಿಂತ ಕಷ್ಟದ ಕೆಲಸ ಅದೇ ಎಂದು ನನಗೆ ಆಮೇಲೆ ತಿಳಿಯಿತು. ನಾನು ಹುಲಿ ಎಂದೆ. ಹುಲಿ ಮಾಡಿದರೆ ಪಿಲಿಚಾಮುಂಡಿ ದೈವ ಆಗುತ್ತದೆ, ರಸ್ತೆಯ ಬದಿಯಲ್ಲಿ ಸುಮ್ಮನೆ ನಿಲ್ಲಿಸುವ ಹಾಗಿಲ್ಲ ಎಂದರು. ಹಾಗಾದರೆ ಕಾಡುಹಂದಿ? ಅದು ಪಂಜುರ್ಲಿ. ಕೋಣ? ಮೈಸಂದಾಯ. ಹಾವಿನ ಮಾತು ನಾನು ಎತ್ತುವ ಮೊದಲೇ ಅವರು ಕೈ ಮುಗಿದರು. ಮಂಗ ಎಂದರೆ ಹನುಮಂತ, ನವಿಲು ಎಂದರೆ ಸುಬ್ರಹ್ಮಣ್ಯನ ವಾಹನ. ಬೆಕ್ಕು ಅಡ್ಡಿಯಿಲ್ಲ ಎಂದರು ಕೊನೆಗೆ. ಹತ್ತಡಿಯ ಬೆಕ್ಕನ್ನು ಗೇಟಿನಲ್ಲಿ ನಿಲ್ಲಿಸಿ ನಾನು ಊರಿನಲ್ಲಿ ತಲೆಯೆತ್ತಿ ನಡೆಯುವುದು ಹೇಗೆ? ಬೆಕ್ಕೊಂದನ್ನು ಬಿಟ್ಟರೆ ತುಳುನಾಡಿನಲ್ಲಿ ದೈವದ ಕೆಲಸವಿಲ್ಲದೆ ಖಾಲಿ ಕೂತ ಪ್ರಾಣಿ ಒಂದೂ ಇಲ್ಲ ಎಂದು ನನಗೆ ಆ ದಿನ ಖಾತ್ರಿಯಾಯಿತು.

ಆಗ ನಾನು ಅಕ್ಕನನ್ನು ತೋರಿಸಿದೆ. ಅವಳನ್ನೇ ಕೆತ್ತಿ, ತಡ್ಪೆ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುವ ಹೆಂಗಸು ಎಂದೆ. ಹೇಳುವಾಗಲೇ ನನ್ನ ದನಿ ಭಾಷಣದ ದನಿಯಾಯಿತು. ಮೈಕಿಲ್ಲದೆಯೂ ಹಾಗಾಗುತ್ತದೆ ಎಂದು ಗೊತ್ತಿರಲಿಲ್ಲ. ಆಚಾರ್ರು ಮಾತ್ರ ತಲೆ ತುರಿಸಿಕೊಂಡರು. ಅವರ ಕೆಲಸದಲ್ಲಿ ಮೂರ್ತಿಗೆ ಕಣ್ಣು ಬಿಡಿಸುವುದೇ ಕೊನೆಯ ಹಂತ, ದೊಡ್ಡ ಹಂತ.

“ಕಣ್ಣು ಬಿಡಿಸಿದರೆ ಅದು ನೋಡ್ಲಿಕ್ಕೆ ಶುರು ಮಾಡ್ತದೆ ಟೀಚರ್. ಮತ್ತೆ ಅದನ್ನು ಸುಮ್ಮನೆ ಬಿಡ್ಲಿಕ್ಕೆ ಆಗುದಿಲ್ಲ. ಬದುಕಿ ಇರುವವರದ್ದು ನಾನು ಮಾಡುದಿಲ್ಲ” ಎಂದರು. ಗಾಬರಿಯಲ್ಲಿ ವಾರ್ತೆಯ ಕನ್ನಡ ಜಾರಿ ನಮ್ಮ ಕನ್ನಡ ಹೊರಗೆ ಬಂದಿತ್ತು.

ಅದಕ್ಕೆ ದಾರಿ ತೋರಿಸಿದ್ದು ಅಕ್ಕನೇ. ಬೀಡಿ ಕಟ್ಟುವವಳು ಕಣ್ಣು ಬಿಟ್ಟು ಊರು ನೋಡುತ್ತಾ ಕೂತರೆ ನೂಲು ಎಲ್ಲಿಗೆ ಸುತ್ತುತ್ತಾಳೆ, ತಡ್ಪೆಯನ್ನೇ ನೋಡುತ್ತಾಳಲ್ಲ, ರೆಪ್ಪೆ ಮಾತ್ರ ಕಾಣುತ್ತದೆ ಎಂದಳು. ಆಚಾರ್ರ ಮುಖ ಅರಳಿತು. ಆದರೆ ಮರುಕ್ಷಣವೇ ಅಕ್ಕ, ದಾರಿ ಹೇಳಿದ ಮಾತ್ರಕ್ಕೆ ತಾನು ಒಪ್ಪಿದೆನೆಂದಲ್ಲ, ಮರದಲ್ಲಿ ಕೂರಲಿಕ್ಕೆ ತಾನೇನು ಸತ್ತಿದ್ದೇನೆಯೇ ಎಂದು ಮುಖ ಊದಿಸಿಕೊಂಡು ಒಳಗೆ ಹೋದಳು. ಅವಳನ್ನು ಒಪ್ಪಿಸಲು ನಾಲ್ಕು ದಿನವಾದರೂ ಬೇಕು ಎಂದು ನಾನು ವಾದಗಳನ್ನೆಲ್ಲ ಜೋಡಿಸಿಟ್ಟುಕೊಂಡೆ. ಮರುದಿನ ಬೆಳಿಗ್ಗೆ ಅವಳೇ ಬಂದು, ಆಗಲಿ, ಮಾಡಿಸು ಎಂದಳು. ಪರೀಕ್ಷೆಯಲ್ಲಿ ಹಿಂದಿನ ಬೆಂಚಿನವರು ಇದ್ದಕ್ಕಿದ್ದಂತೆ ಸಾಧುಗಳಾದರೆ ಮೇಜಿನ ಕೆಳಗೆ ನೋಡಬೇಕು ಎನ್ನುವುದು ನನಗೆ ಗೊತ್ತಿಲ್ಲದ್ದಲ್ಲ. ಆದರೂ ನೋಡಲಿಲ್ಲ.

ಮರ ಕೊಯ್ಯುವ ಮೆಶಿನಿನವರು ಬಂದು ಒಂದು ಬೆಳಿಗ್ಗೆಯಲ್ಲಿ ಮೇಲಿನದ್ದನ್ನೆಲ್ಲ ಇಳಿಸಿದರು. ಉಳಿದ ಕಾಂಡ ಟೊಪ್ಪಿ ಕಳೆದುಕೊಂಡ ಪೊಲೀಸಿನವನಂತೆ ಸ್ವಲ್ಪ ನಾಚಿಕೊಂಡು ನಿಂತಿತ್ತು. ಆಚಾರ್ರು ದಿನಾ ಬೆಳಿಗ್ಗೆ ಬಂದು ಮರ ಮುಟ್ಟಿ ನಮಸ್ಕಾರ ಮಾಡಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಬಾಚಿ ಹಿಡಿಯುತ್ತಿದ್ದರು. ಹೊರಗಿನ ಹುಳುಕು ಉದುರಿ ಒಳಗಿನ ಅರಿಶಿನ ಬಣ್ಣ ಕಾಣತೊಡಗಿತು. ಅಕ್ಕ ಮಧ್ಯಾಹ್ನ ತನ್ನ ಮಾಮೂಲು ಜಾಗದಲ್ಲೇ ಕೂರುತ್ತಿದ್ದಳು, ಮೈಮೇಲೆ ಮರದ ಚೂರು ಬಿದ್ದರೂ ಏಳುತ್ತಿರಲಿಲ್ಲ.

ಕೈಗಳ ಕೆಲಸಕ್ಕೇ ಎಂಟು ದಿನ ಹಿಡಿಯಿತು. ಆಚಾರ್ರ ಕೈಗೆ ಅಭ್ಯಾಸವಿದ್ದದ್ದು ಕತ್ತಿ ಹಿಡಿದ ಬೆರಳು, ಅಭಯ ಕೊಡುವ ಬೆರಳು. ಬೀಡಿ ಸುತ್ತುವ ಬೆರಳಿಗೆ ಅಭಯ ಕೊಡಲು ಪುರುಸೊತ್ತಿಲ್ಲ. ಅಕ್ಕ ಕೆಳಗಿನಿಂದಲೇ ತಪ್ಪು ಹಿಡಿಯುತ್ತಿದ್ದಳು. ಹೆಬ್ಬೆರಳು ಅಷ್ಟು ನೆಟ್ಟಗಿದ್ದರೆ ಎಲೆ ಬಿಚ್ಚಿಹೋಗುತ್ತದೆ, ಕಿರುಬೆರಳಿಗೆ ಕೆಲಸವಿಲ್ಲ, ಅದು ಬದಿಗೆ ಹೋಗಲಿ ಎನ್ನುವಳು. ಕೊನೆಗೆ ಆಚಾರ್ರು ಉಳಿ ಕೆಳಗಿಟ್ಟು, ಅವಳ ಎದುರು ಚಕ್ಕಳಮಕ್ಕಳ ಹಾಕಿ ಕೂತು, ಬೀಡಿ ಕಟ್ಟಲು ಕಲಿತರು. ಎರಡು ಮಧ್ಯಾಹ್ನ ಎಲೆ ಹರಿದುಕೊಂಡ ಮೇಲೆ ಅವರ ಕೈಯಲ್ಲಿ ಒಂದು ಬೀಡಿ ನಿಂತಿತು. ಅದು ಬೀಡಿ ಕಂಪನಿಯ ಬ್ರಾಂಚಿಗೆ ಕೊಡುವಂಥದ್ದಲ್ಲ, ಆದರೂ ಅಕ್ಕ ಅದನ್ನು ಎಸೆಯದೆ ಡಬ್ಬಿಯಲ್ಲಿಟ್ಟಳು. ಆ ಇಬ್ಬರೂ ದಿನವಿಡೀ ಏನೋ ಮಾತಾಡುತ್ತಿದ್ದರು, ನಗುತ್ತಿದ್ದರು. ನಾನು ಟೀ ತಂದರೆ ಸುಮ್ಮನಾಗುತ್ತಿದ್ದರು.

ನನ್ನ ತಲೆಬಿಸಿಯೇ ಬೇರೆ. ಮೂರ್ತಿಗೆ ಹೆಗಲು ಮೂಡಿದ ಮರುದಿನ ಅದರ ಬುಡದಲ್ಲಿ ಯಾರೋ ಕೇಪಳ ಹೂ ಇಟ್ಟಿದ್ದರು. ಅದರ ಮರುದಿನ ದಾಸವಾಳ. ಬೈಕಿನವರು ವೇಗ ಇಳಿಸಿ ಒಂದು ಕೈ ಎದೆಗೆ ಮುಟ್ಟಿಸಿಕೊಂಡು ಹೋಗತೊಡಗಿದರು. ಇದು ಹೀಗೇ ಬಿಟ್ಟರೆ ವರ್ಷದೊಳಗೆ ಅಕ್ಕನಿಗೊಂದು ಗುಡಿ ಆಗುತ್ತದೆ, ಎರಡನೆಯ ವರ್ಷಕ್ಕೆ ಸಮಿತಿ ಆಗುತ್ತದೆ, ಮೂರನೆಯ ವರ್ಷಕ್ಕೆ ಸಮಿತಿ ಒಡೆದು ಎರಡಾಗುತ್ತದೆ ಎಂದು ಹೆದರಿ ನಾನೊಂದು ಬೋರ್ಡು ಬರೆದೆ. ‘ಇದು ದೈವವಲ್ಲ. ದಯವಿಟ್ಟು ಹೂ ಇಡಬೇಡಿ.’ ಅಕ್ಷರ ಮುತ್ತಿನಂತೆ ಬಂದಿತ್ತು.

ಬೋರ್ಡು ಹಾಕಿದ ಮೇಲೆ ಹೂವು ಮೂರು ಪಟ್ಟಾಯಿತು. ಅಲ್ಲವೆಂದು ಬರೆದು ಹಾಕಿದ್ದಾರೆಂದರೆ ಏನೋ ಉಂಟು, ಇಲ್ಲದಿದ್ದರೆ ಟೀಚರ್ ಯಾಕೆ ಬರೆಯುತ್ತಿದ್ದರು ಎಂದು ಜನ ಲೆಕ್ಕ ಹಾಕಿದರಂತೆ. ಮೂಡಬಿದಿರೆಯ ಕಡೆಗೆ ಹೋಗುವ ಒಬ್ಬರು ಕಾರು ನಿಲ್ಲಿಸಿ ಸೀಯಾಳ ಇಟ್ಟು, ಕೈ ಮುಗಿದು ಹೋದರು. ಅಕ್ಕ ಅತ್ತಿತ್ತ ನೋಡಿ, ತನ್ನ ಹೆಸರಿಗೆ ಬಂದದ್ದು ತನಗೇ ಸೇರಬೇಕು ಎಂದು ಆಚಾರ್ರ ಬಾಚಿಯಲ್ಲೇ ಸೀಯಾಳ ಕೆತ್ತಿಸಿ ಕುಡಿದಳು. ನಾನು ಬೋರ್ಡು ತೆಗೆದು ಹಳೆಯ ದನದ ಹಟ್ಟಿಯ ಮಾಡಿನ ಸಂದಿಗೆ ಸಿಕ್ಕಿಸಿದೆ.

ಮುಖ ಕೆತ್ತುವ ದಿನ ಬಂತು. ಆಚಾರ್ರು ಸುತ್ತ ನಾಲ್ಕು ಗೂಟ ಊರಿ, ಹೆಣೆದ ತೆಂಗಿನ ಮಡಲು ಕಟ್ಟಿ ಮರೆ ಮಾಡಿದರು. ಮುಖದ ಕೆಲಸ ಮುಗಿಯುವವರೆಗೆ ಯಾರೂ ನೋಡುವ ಹಾಗಿಲ್ಲ, ಮನೆಯ ಯಜಮಾನರೊಬ್ಬರು ಮಾತ್ರ ಒಳಗೆ ಇರಬಹುದು, ಅವರ ಮನೆತನದ ಕ್ರಮ ಹಾಗೆ. ಇದು ದೈವವೇ ಅಲ್ಲವಲ್ಲ ಎಂದು ನಾನು ವಾದಿಸಿದೆ. ದೈವ ಅಲ್ಲದಿರಬಹುದು, ಆದರೆ ಕೈ ಅದೇ ಅಲ್ಲವೇ ಎಂದರು ಅವರು. ಯಜಮಾನಿ ಅಕ್ಕ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು. ಮೂರು ದಿನ ನಾನು ಮಡಲಿನ ಹೊರಗಿನಿಂದ ಟೀ ಲೋಟ ಚಾಚುವ ಕೆಲಸಕ್ಕೆ ನೇಮಕಗೊಂಡೆ. ಒಳಗಿನಿಂದ ಅಕ್ಕನ ಕಿಸಿಕಿಸಿ ಕೇಳುತ್ತಿತ್ತು. ಮೂರ್ತಿಗೆ ಕೂತವಳು ಹೀಗೆ ನಗುತ್ತಿದ್ದರೆ ಮುಖ ಏನು ಚಂದಕ್ಕೆ ಬರುತ್ತದೆ ಎಂದು ನನಗೆ ಸಿಟ್ಟೂ ಬಂತು.

ನಾಲ್ಕನೆಯ ದಿನ ಮಡಲು ಬಿಚ್ಚಿದರು. ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿದ ಮರ ಕಂದು ಬಣ್ಣಕ್ಕೆ ತಿರುಗಿತ್ತು. ಕಾಲು ಮಡಚಿ ಕೂತ ಹೆಂಗಸು, ಮಡಿಲಲ್ಲಿ ತಡ್ಪೆ, ಕೈಯಲ್ಲಿ ಅರ್ಧ ಸುತ್ತಿದ ಬೀಡಿ. ಕಾಲ ಬಳಿಯಿಂದ ಮರದ ಬೇರುಗಳು ಹಾಗೇ ನೆಲಕ್ಕೆ ಇಳಿದಿದ್ದವು. ತಲೆ ಬಗ್ಗಿತ್ತು, ರೆಪ್ಪೆ ಮುಚ್ಚಿತ್ತು. ನನಗೆ ಅಳು ತಡೆಯಲಾಗಲಿಲ್ಲ. ಅಕ್ಕ, ನೀನೇ, ಸಾಕ್ಷಾತ್ ನೀನೇ, ಆ ಮೂಗು ನೋಡು, ಆ ತಾಳ್ಮೆ ನೋಡು ಎಂದೆ. ಎದುರು ಮನೆಯ ಇಬ್ಬರೂ ಬಂದಿದ್ದರು. ನಾಲ್ಕು ಜನ ಸೇರಿದ್ದಾರೆಂದು ನಾನು ಅಲ್ಲೇ ಒಂದು ಹತ್ತು ನಿಮಿಷ ಮಾತಾಡಿದೆ, ಸೀಮೆಸುಣ್ಣದ ಮಾತೂ ಬಂತು. ಎದುರು ಮನೆಯವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು, ಒಬ್ಬಳ ಹೆಗಲು ಅಲುಗುತ್ತಿತ್ತು. ಅವರೂ ಅಳುತ್ತಿದ್ದಾರೆಂದೇ ನಾನು ಭಾವಿಸಿದೆ. ಆಚಾರ್ರು ಮಾತ್ರ ಉಳಿಗಳನ್ನು ಬೇಗ ಬೇಗ ಗೋಣಿಗೆ ಸುತ್ತಿ, ಬೆಳ್ತಂಗಡಿಯ ಬಸ್ಸು ತಪ್ಪುತ್ತದೆ ಎಂದು ಹೊರಟರು. ಆ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.

ಎರಡು ವಾರ ನಾನು ಕಂಡವರಿಗೆಲ್ಲ ಅಕ್ಕನ ಮೂರ್ತಿಯ ಕತೆ ಹೇಳಿದೆ. ಮೇಲೊಂದು ಶೀಟಿನ ಮಾಡು ಮಾಡಿಸಿದೆವು. ಜಾಗ ಉಳಿಯಿತು, ಅಕ್ಕ ಎಂದಿನಂತೆ ಅಲ್ಲೇ ಕೂತಳು. ಬಿಸಿಲಿಗೆ ಶೀಟಿನ ನೆರಳು ಬಂದದ್ದರಿಂದ ಎದುರು ಮನೆಯವರೂ ದಿನಾ ಬರತೊಡಗಿದರು.

ಒಂದು ಮಧ್ಯಾಹ್ನ ನಾನು ಜಗಲಿಯಲ್ಲಿ ಓದುತ್ತಾ ಕೂತಿದ್ದೆ. ಗೇಟಿನ ಹತ್ತಿರ ಬೈಕು ನಿಂತ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಯಾರೋ ಅಳುವ ದನಿ. ಹೋಗಿ ನೋಡಿದರೆ ನನ್ನ ಹಳೆಯ ವಿದ್ಯಾರ್ಥಿ, ಈಗ ಉಜಿರೆಯಲ್ಲಿ ಅಂಗಡಿ ಇಟ್ಟುಕೊಂಡವನು, ತಲೆ ನರೆತ ಗಂಡಸು. ಹೆಲ್ಮೆಟ್ಟು ಕಂಕುಳಲ್ಲಿಟ್ಟುಕೊಂಡು, ಮೂರ್ತಿಯ ಎದುರು ನಿಂತು ಕಣ್ಣೊರೆಸುತ್ತಿದ್ದ. ಕೆಳಗೆ ಚಾಪೆಯಲ್ಲಿ ಎದುರು ಮನೆಯವರ ಜೊತೆ ಕೂತ ಅಕ್ಕ ತಲೆ ಎತ್ತಿರಲಿಲ್ಲ. ನಾನು ಬಂದದ್ದು ಅವನಿಗೆ ಕಾಣಲಿಲ್ಲ.

“ನಮಗೆ ಯಾರೂ ಹೇಳಲೇ ಇಲ್ಲ ಅಕ್ಕ. ಟೀಚರ್ ಹೋದದ್ದು ಯಾವಾಗ?” ಎಂದು ಕೇಳಿದ.

ಅಕ್ಕ ನೂಲು ಕಡಿದು, ಬೀಡಿಯನ್ನು ತಡ್ಪೆಗೆ ಹಾಕಿ, “ಎಲ್ಲಿಗೂ ಹೋಗ್ಲಿಲ್ಲ ಮಾರಾಯ. ನಿನ್ನ ಹಿಂದೆಯೇ ಇದ್ದಾಳೆ, ತಿರುಗಿ ನೋಡು” ಎಂದಳು.

ಅವನು ತಿರುಗಿದ. ಅವನ ಕಂಕುಳಿನಿಂದ ಹೆಲ್ಮೆಟ್ಟು ಬಿತ್ತು. ಮೂರ್ತಿ ಮಾಡಿಸಿ ಮಾಡು ಕಟ್ಟಿಸಿದ್ದಾರೆಂದರೆ ಸತ್ತೇ ಹೋಗಿರಬೇಕು, ಬದುಕಿರುವವರದ್ದು ಯಾರು ಮಾಡಿಸುತ್ತಾರೆ ಎಂದು ಅವನು ತಿಳಿದದ್ದರಲ್ಲಿ ತಪ್ಪೇನೂ ಇಲ್ಲ. ತೊದಲುತ್ತಾ ಕಾಲಿಗೆ ಬಿದ್ದ, ಕಾಫಿಯೂ ಬೇಡವೆಂದು ಬೈಕು ಹತ್ತಿದ. ನಾನು ಮಾತ್ರ ಅಲ್ಲೇ ಬೆಪ್ಪಾಗಿ ನಿಂತು ಮೂರ್ತಿಯನ್ನು ನೋಡಿದೆ, ಎರಡು ವಾರದಲ್ಲಿ ಮೊದಲ ಸಲ.

ಮೂಗಿನ ಎರಡೂ ಬದಿಯಲ್ಲಿ ಸಣ್ಣ ಗುಳಿಯಿತ್ತು, ಕನ್ನಡಕ ಕೂತ ಗುರುತು. ಅಕ್ಕ ಜನ್ಮದಲ್ಲಿ ಕನ್ನಡಕ ಹಾಕಿದವಳಲ್ಲ. ಕೂದಲಿನ ಗಂಟು ಕುತ್ತಿಗೆಗೆ ತಾಗುವಷ್ಟು ಕೆಳಗಿತ್ತು, ನಾನು ಶಾಲೆಗೆ ಕಟ್ಟುತ್ತಿದ್ದ ಹಾಗೆ. ತುಟಿ ಬಿಗಿದಿತ್ತು. ಅದರಲ್ಲಿ ನಾನು ಕಂಡ ತಾಳ್ಮೆ ತಾಳ್ಮೆಯೇ ಅಲ್ಲ, ತಪ್ಪು ಹುಡುಕುವವಳ ಮುಖ ಅದು. ಊರಿನ ಪ್ರತಿಯೊಬ್ಬರಿಗೂ ಕಂಡದ್ದು ನನಗೊಬ್ಬಳಿಗೆ ಕಂಡಿರಲಿಲ್ಲ. ಕಂಡವರಿಗೆಲ್ಲ ನಾನು ಹೇಳಿಕೊಂಡು ಬಂದದ್ದು ನನ್ನದೇ ಹೊಗಳಿಕೆ.

ಎದುರು ಮನೆಯವರು ಎದ್ದು ಮಗ್ಗುಲಿಗೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರಿಗೆ ಮಡಲು ಬಿಚ್ಚಿದ ದಿನವೇ ಗೊತ್ತಾಗಿತ್ತಂತೆ. ಮುಖ ಬದಲಿಸುವ ಬಗ್ಗೆ ಆಚಾರ್ರಿಗೂ ಅಕ್ಕನಿಗೂ ಮಾತಾದದ್ದು ಕೈಗಳ ಕೆಲಸದ ಹೊತ್ತಿನಲ್ಲೇ.

“ನನ್ನನ್ನು ಮಂಗ ಮಾಡ್ಲಿಕ್ಕೆ ಇಷ್ಟೆಲ್ಲ ಮಾಡಿದ್ದಾ?” ಎಂದು ನಾನು ಜೋರು ಮಾಡಿದೆ. ಮೊದಲಿನಿಂದಲೂ ನನಗೆ ನಾಚಿಕೆಯಾದರೆ ಸಿಟ್ಟಾಗಿಯೇ ಹೊರಗೆ ಬರುವುದು.

“ಸ್ವಲ್ಪ ಅದಕ್ಕೂ” ಎಂದಳು ಅಕ್ಕ. “ಕೈ ನನ್ನದೇ. ಮುಖ ಮಾತ್ರ ನಿನ್ನದು. ನಾನು ಇಲ್ಲಿ ಕೂತೇ ಇದ್ದೇನಲ್ಲ. ಎದುರು ಇನ್ನೊಂದು ನನ್ನನ್ನೇ ಕೂರಿಸಿದರೆ ನಾನು ಯಾರ ಹತ್ತಿರ ಮಾತಾಡುವುದು?”

ಇಲ್ಲಿಗೆ ನಿಲ್ಲಿಸಿದ್ದರೆ ನಾನೂ ನಕ್ಕು ಒಳಗೆ ಹೋಗುತ್ತಿದ್ದೆ. ಅವಳು ಇನ್ನೊಂದು ಎಲೆ ತೆಗೆದುಕೊಂಡು, ಪುಡಿ ಹಾಕಿ, ಸುತ್ತುತ್ತಾ, ಸಿಟ್ಟೂ ಇಲ್ಲದೆ ಬೇಸರವೂ ಇಲ್ಲದೆ ಹೇಳಿದಳು:

“ಶಾಲೆ ಬಿಟ್ಟು ಬಸ್ಸಿಳಿದು ನೀನು ಈ ಗೇಟು ದಾಟಿಯೇ ಹೋಗ್ತಿದ್ದೆ. ಇವತ್ತು ಕೂರ್ತಾಳೆ, ಇವತ್ತು ಕೂರ್ತಾಳೆ ಅಂತ ನಾನು ಚಾಪೆ ಸ್ವಲ್ಪ ಸರಿಸಿ ಇಡ್ತಿದ್ದೆ. ನೀನು ನನ್ನ ಹತ್ತಿರ ಕೂತದ್ದು ಭಾಷಣದಲ್ಲಿ ಮಾತ್ರ.”

ಇಷ್ಟು ವರ್ಷ ಅವಳ ಬೆರಳಿನ ವರ್ಣನೆ ಮಾಡಿದವಳು, ಆ ಬೆರಳು ನನಗೆಂದು ಚಾಪೆ ಸರಿಸಿದ್ದನ್ನು ಕಂಡಿರಲಿಲ್ಲ. ನೋವಾಯಿತು. ಸುಳ್ಳು ಹೇಳುವುದಿಲ್ಲ, ತುಂಬಾ ನೋವಾಯಿತು. ಅವಳು ಜಗಲಿ ಬೇಡವೆಂದದ್ದು, ಮರದ ಬುಡ ಬಿಡದೆ ಕೂತದ್ದು, ಅದು ಜನ ಬರುವ ಜಾಗ ಎಂದಷ್ಟೇ ಅಂದುಕೊಂಡಿದ್ದೆ. ಆ ಜನರಲ್ಲಿ ಅವಳು ಕಾದದ್ದು ನನ್ನನ್ನು.

ಚಪ್ಪಲಿ ಬಿಟ್ಟು ಚಾಪೆಯ ಮೇಲೆ ಕೂತೆ. ಮಂಡಿ ಕಟಕಟ ಎಂದಿತು. ಎದುರು ಮನೆಯವರು ಒಬ್ಬರಿಗೊಬ್ಬರು ಸನ್ನೆ ಮಾಡಿಕೊಂಡು, ಕೆಲಸ ಉಂಟೆಂದು ತಡ್ಪೆ ಎತ್ತಿಕೊಂಡು ಹೋದರು. ನಾನೊಂದು ಎಲೆ ಎತ್ತಿಕೊಳ್ಳಲು ಕೈ ಚಾಚಿದೆ. ಎಲೆ ಹಾಳು ಮಾಡಬೇಡ, ಸುಮ್ಮನೆ ಕೂತುಕೋ ಎಂದು ಅಕ್ಕ ನನ್ನ ಕೈಗೆ ಮೆಲ್ಲನೆ ಬಡಿದಳು. ಕೂತೆ. ಬಾಯಿ ಮುಚ್ಚಿ ಕೂರುವುದು ನನ್ನ ಮಟ್ಟಿಗೆ ಸಣ್ಣ ಕೆಲಸವಲ್ಲ. ರಸ್ತೆಯಲ್ಲಿ ಎರಡು ಬಸ್ಸು ಹೋದವು.

ಅಕ್ಕ ಮದುವೆಯಾಗಿ ಹೋದದ್ದು ಬೆಳ್ತಂಗಡಿಯ ಆಚೆಗೆ. ಒಂದೂವರೆ ವರ್ಷಕ್ಕೆ ಒಂದು ಟ್ರಂಕು ಹಿಡಿದುಕೊಂಡು ವಾಪಸು ಬಂದಳು, ಬಂದ ವಾರದಲ್ಲೇ ಬೀಡಿ ಎಲೆ ತಂದಳು. ನನಗಾಗ ಹದಿನಾಲ್ಕು. ಯಾಕೆ ಬಂದೆ ಎಂದು ನಾನು ಕೇಳಲಿಲ್ಲ. ಆಮೇಲೆ ಕೆಲಸ ಸಿಕ್ಕಿತು, ಸಭೆಗಳಲ್ಲಿ ಅವಳ ತ್ಯಾಗದ ಮಾತು ಹೇಳತೊಡಗಿದೆ, ಆಗಲೂ ಕೇಳಲಿಲ್ಲ. ಐವತ್ತು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ. ಆ ಮಧ್ಯಾಹ್ನ ಕೇಳಿದೆ.

ಅಕ್ಕನ ಕೈ ನಿಲ್ಲಲಿಲ್ಲ. ತಡ್ಪೆಯನ್ನೇ ನೋಡಿಕೊಂಡು ಮೊದಲಿನಿಂದ ಹೇಳಿದಳು. ಹೇಳಿ ಮುಗಿಸುವಾಗ ಬಿಸಿಲು ಇಳಿದು ಶಾಲೆಯ ಮಕ್ಕಳು ರಸ್ತೆಯಲ್ಲಿ ಬರುತ್ತಿದ್ದರು. ಏನು ಹೇಳಿದಳೆಂದು ನಾನು ಇಲ್ಲಿ ಬರೆಯುವುದಿಲ್ಲ. ಅದು ಅವಳು ನನಗೆ ಹೇಳಿದ್ದು.